ಮಾವ ಮತ್ತು ಮೇಲೇರುವ ಆಮ್ಲಜನಕ

ಭೂಮಿಯ ಗಾಳಿ ಧ್ರುವದಲ್ಲಿ ಸೋರುತ್ತಿರುವುದಕ್ಕೆ ಕಾರಣ ಯಾರು? ನಮ್ಮ ಸೋದರಮಾವನನ್ನು ಕೇಳಿ ನೋಡಿ, ನೇರವಾಗಿ ನನ್ನ ಕಡೆ ಬೆರಳು ತೋರಿಸುತ್ತಾರೆ! ನಾನು ಬಾಯಿ ಬಿಡುವವರೆಗೂ ಭೂಮಿ ಗಟ್ಟಿಮುಟ್ಟಾಗಿಯೇ ಇತ್ತಂತೆ.

ಮಾವನಿಗೆ ಕೊಂಬೈ ಹತ್ತಿರ ದ್ರಾಕ್ಷಿ ತೋಟ. ಜೀವಮಾನವೆಲ್ಲ ಹಣ್ಣು ತೂಗಿದ ಮನುಷ್ಯ, ಯಾವುದನ್ನು ಕಂಡರೂ ಮೊದಲು ತೂಕ ನೋಡಬೇಕು. ಮದುವೆಮನೆಯಲ್ಲಿ ಯಾರಾದರೂ ಮಗುವನ್ನು ಕೈಗೆ ಕೊಟ್ಟರೆ ಮುದ್ದಿಸುವ ಮೊದಲೇ ಇಷ್ಟು ಕಿಲೋ ಎಂದು ಕೂಗಿ ಹೇಳುತ್ತಾರೆ. ಅವರು ಬರುವುದನ್ನು ಕಂಡರೆ ಬಾಣಂತಿಯರು ಮಗುವಿನ ಮೇಲೆ ಸೆರಗು ಮುಚ್ಚುತ್ತಾರೆ! ಇಂಥವರ ಮುಂದೆ ನನ್ನ ಓದಿನ ವಿಷಯ ಎತ್ತಿದ್ದು ನನ್ನ ಗ್ರಹಚಾರ.

ಎತ್ತದೆ ವಿಧಿಯೂ ಇರಲಿಲ್ಲ. ಉತ್ತರದ ಹಿಮದ ನಾಡಿನಲ್ಲಿ ಒಂದು ಚಳಿಗಾಲ ಪೂರ್ತಿ ಕೆಲಸ ಮಾಡಲು ನನಗೆ ಕರೆ ಬಂದಿತ್ತು, ಪೊಂಗಲ್ ಮುಗಿಯುವುದರೊಳಗೆ ಉತ್ತರ ಕಳಿಸಬೇಕಿತ್ತು. ಎಂದೋ ಕನ್ನಡವನ್ನು ಗಂಟು ಕಟ್ಟಿಕೊಂಡು ಬಂದು ತಮಿಳುನಾಡಿನ ಈ ಕಂಬಂ ಕಣಿವೆಯಲ್ಲಿ ನೆಲೆಸಿದ ನಮ್ಮ ಜನ ದಾರಿಯಲ್ಲಿ ಏನೇನೋ ಬಿಟ್ಟಿದ್ದಾರೆ. ಸೋದರಮಾವನ ಹಕ್ಕನ್ನು ಮಾತ್ರ ಬಿಟ್ಟಿಲ್ಲ. ನಮ್ಮ ಮನೆಯ ಹೆಣ್ಣುಮಗಳು ದೂರ ಹೊರಟರೆ ಮಾವ ಕೈಯಾರೆ ವೀಳ್ಯ ಕೊಡಬೇಕು. ಕೊಡಲಿಲ್ಲವೋ, ವಿಮಾನವಿದ್ದರೂ ಪ್ರಯಾಣವಿಲ್ಲ!

"ನಮ್ಮಣ್ಣ ಸೆರಿ ಅಂದ್ರೆ ಓಗು, ಇಲ್ದಿದ್ರೆ ಇಲ್ಲ" ಎಂದು ಅಮ್ಮ ಕೈತೊಳೆದುಕೊಂಡರು.

ನಾನು ಮಾವನ ಮುಂದೆ ಕೂತು ವಿವರಿಸಿದೆ. ಬಹಳ ಎತ್ತರದಲ್ಲಿ ವಿದ್ಯುತ್ ಹತ್ತಿದ ಆಮ್ಲಜನಕದ ಕಣಗಳಿವೆ. ಅವು ಭಾರ, ನ್ಯಾಯವಾಗಿ ಕೆಳಗೇ ಇರಬೇಕು. ಆದರೆ ಧ್ರುವದ ಮೇಲೆ ಸೂರ್ಯನ ಕಡೆಯಿಂದ ಬರುವ ಶಕ್ತಿ ಅವನ್ನು ಕಾಯಿಸಿ ತಳ್ಳುತ್ತದೆ. ಆಗ ಅವು ಭೂಮಿಯ ಅಯಸ್ಕಾಂತದ ಜಾಡು ಹಿಡಿದು ಮೇಲೇರಿ ಆಚೆಗೆ ಪಾರಾಗುತ್ತವೆ. ಅದನ್ನು ಅಳೆಯುವುದೇ ನನ್ನ ಕೆಲಸ.

"ತೂಕಾದ್ದು ಮೇಲ್ಕೆ ಓಯ್ತದಾ? ಯಾರ ಕಿವೀಗೆ ಹೂ ಮಡುಗ್ತೀಯ ಕಣ್ಣು!" ಎಂದು, ಸಿಟ್ಟಿನಲ್ಲೂ ನನ್ನನ್ನು ಮುದ್ದಿನಿಂದ ಕಣ್ಣು ಎಂದೇ ಕರೆಯುವ ಮಾವ, ಎದ್ದೇ ಹೋದರು.

ಹೋದವರು ಸುಮ್ಮನಿದ್ದರೆ? ಕಣಿವೆಯೆಲ್ಲ ವಿಚಾರಣೆ ಶುರುವಾಯಿತು! ಕ್ಷೌರದ ಅಂಗಡಿ, ಗೊಬ್ಬರದ ಅಂಗಡಿ, ಯಾವುದನ್ನೂ ಬಿಡಲಿಲ್ಲ. ತೇನಿ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಕಂಡಕ್ಟರನ ಹತ್ತಿರ ತಮಿಳಿನಲ್ಲಿ ಕೇಳಿದರಂತೆ, "ಭಾರದ ವಸ್ತು ತಾನಾಗಿ ಮೇಲಕ್ಕೆ ಹೋಗುತ್ತದಾ?" ಅವನು ಇವರ ದ್ರಾಕ್ಷಿ ಬುಟ್ಟಿಯನ್ನು ನೋಡಿ, "ಬಸ್ಸಿನ ಮೇಲಕ್ಕಾ? ನೀವೇ ಏರಿಸಬೇಕು" ಎಂದನಂತೆ. ನೋಡು, ಸರ್ಕಾರಿ ಮನುಷ್ಯನೇ ಹೇಳಿಬಿಟ್ಟ ಎಂದು ಮಾವ ನನ್ನ ಮುಂದೆ ಮೀಸೆ ತಿರುವಿದರು.

ನಾನೂ ಅವರದೇ ತಂಗಿಯ ಮಗಳು, ಬಿಡುತ್ತೇನೆಯೇ? ಮರುದಿನ ಬೆಳಗ್ಗೆಯೇ ಗೂಡಲೂರಿಗೆ ಕರೆದುಕೊಂಡು ಹೋಗಿ ಕುಮಳಿ ಘಾಟಿಯ ಬುಡದಲ್ಲಿ ನಿಲ್ಲಿಸಿದೆ. ಏಲಕ್ಕಿ ತೋಟಕ್ಕೆ ಆಳುಗಳನ್ನು ಹೊತ್ತ ಜೀಪು ಬಂತು. ಒಳಗೆ ಉಸಿರಾಡಲು ಜಾಗವಿಲ್ಲ, ಹಿಂದೆ ನೇತಾಡುವವರು ಬೇರೆ! ಆದರೂ ಗುರುಗುಟ್ಟುತ್ತಾ ಏರಿಯೇ ಹೋಯಿತು.

"ಅದು ತೂಕವಾ ಅಗುರವಾ, ಮಾವ?"

"ಇಂಜಿನ್ ಐತೆ, ಏರ್ತದೆ."

"ಅಲ್ಲೂ ಅಂಗೇ. ಸೂರ್ಯನೇ ಇಂಜಿನ್."

ಜೀಪು ತಿರುವಿನಲ್ಲಿ ಮರೆಯಾಗುವವರೆಗೂ ಮಾವ ಕತ್ತೆತ್ತಿ ನೋಡಿದರು. ಗೆದ್ದೆ ಅಂದುಕೊಂಡೆ. ಅಯ್ಯೋ, ಎಲ್ಲಿಯ ಗೆಲುವು! ಅವರ ಮುಖ ಬಾಡಿತು.

"ಅಂಗಾದ್ರೆ ನೀ ಅಲ್ಲಿ ನಿಂತ್ರೆ ನಿನ್ನೂ ಎತ್ಕೊಂಡ್ ಓಯ್ತದಲ್ಲ! ನೀ ಏನ್ ತೂಕ ಇದ್ದೀಯ?"

ಅದೆಲ್ಲ ಮೋಡಕ್ಕಿಂತ ಎಷ್ಟೋ ಮೇಲೆ ನಡೆಯುವುದು ಮಾವ, ನೆಲದ ಮೇಲೆ ನಿಂತವರಿಗೆ ಏನೂ ಆಗುವುದಿಲ್ಲ ಎಂದು ಎಷ್ಟು ಹೇಳಿದರೂ ಕೇಳಲಿಲ್ಲ. ಅಂದಿನಿಂದ ನನಗೆ ರಾಗಿ ಮುದ್ದೆ, ನಾಟಿಕೋಳಿ, ಮೇಲೆ ಒಂದು ಲೋಟ ತುಪ್ಪ! ಭಾರವಾದದ್ದೂ ಹಾರುತ್ತದೆ ಎಂದು ಆಗತಾನೆ ಒಪ್ಪಿದ ಮನುಷ್ಯ ನನ್ನನ್ನು ಭಾರ ಮಾಡಿ ನೆಲಕ್ಕೆ ಉಳಿಸಿಕೊಳ್ಳಲು ಹೊರಟಿದ್ದರು. ಇದಕ್ಕೆ ಯಾವ ವಿಜ್ಞಾನದಲ್ಲಿ ಉತ್ತರವಿದೆ, ಹೇಳಿ? ನನ್ನ ರವಿಕೆಗಳು ಬಿಗಿಯಾದವು, ವೀಳ್ಯ ಮಾತ್ರ ಬರಲಿಲ್ಲ. ಇನ್ನು ಆಸೆ ಬಿಡುವುದೇ ಸರಿ ಎಂದು ಒಳಗೊಳಗೇ ಅತ್ತುಬಿಟ್ಟೆ.

ಪೊಂಗಲ್ ಬಂತು. ಮಾವನ ಕೊಟ್ಟಿಗೆಯಲ್ಲಿ ಹೋದ ಪೊಂಗಲ್ ದಿನ ಹುಟ್ಟಿದ ಒಂದು ಕರುವಿತ್ತು. ಆ ದಿನ ಹುಟ್ಟಿದ್ದು ನಮ್ಮಲ್ಲಿ ಮನೆಯದಲ್ಲ, ಕಂಬಂನ ದೇವರ ಮಂದೆಗೆ ಸೇರಿದ್ದು. ಅದನ್ನು ಮಾರುವಂತಿಲ್ಲ, ಹೂಡುವಂತಿಲ್ಲ. ಗೂಡ್ಸ್ ಆಟೋದಲ್ಲಿ ಕರುವಿನ ಪಕ್ಕ ನನ್ನನ್ನೂ ಕೂರಿಸಿಕೊಂಡು ಮಾವ ಕಂಬಂಗೆ ಹೊರಟರು. ಕರು ಮಂದೆಯೊಳಗೆ ಓಡಿತು, ತಿರುಗಿಯೂ ನೋಡಲಿಲ್ಲ.

ಮಾವ ಬೇಲಿ ಹಿಡಿದು ನಿಂತರು. "ನಮ್ಮ ತಾತನ ಕಾಲ್ದಿಂದ ಕೊಡ್ತಾ ಇದ್ದೀವಿ. ಕೊಟ್ಟಿಗೆ ಬರಿದಾಯ್ತಾ? ಇಲ್ವಲ್ಲ. ಭೂಮಿನೂ ಅಂಗೇ ಒಸಿ ಕೊಡ್ತದೆ. ಕೊಡ್ಲಿ ಬುಡು. ಗಾಳಿ ಮುಗಿಯಾಕಿಲ್ಲ, ಅಲ್ವಾ?"

"ಮುಗಿಯಾಕಿಲ್ಲ ಮಾವ. ಕೋಟಿ ಕೋಟಿ ವರ್ಷಕ್ಕೂ ಮುಗಿಯಾಕಿಲ್ಲ."

ಅವರು ಸೊಂಟದಿಂದ ವೀಳ್ಯದೆಲೆ ತೆಗೆದು ಅಡಿಕೆ ಇಟ್ಟು ನನ್ನ ಅಂಗೈಯಲ್ಲಿ ಒತ್ತಿದರು. ನನಗೆ ಅಳು ಬಂದುಬಿಟ್ಟಿತು. ಅವರ ಕಣ್ಣೂ ಒದ್ದೆಯಾಗಿತ್ತು.

"ಕರೂನ ನಾನು ತಿರುಗಿ ಕೇಳಾಕಿಲ್ಲ ಕಣ್ಣು" ಎಂದರು. "ನಿನ್ನ ಕೇಳ್ತೀನಿ. ಚಳಿ ಮುಗೀತಿದ್ದಂಗೆ ಬಂದ್ಬುಡು."