ಮಾರ್ಗನ್ ಹಿಲ್ಲಿನಲ್ಲಿ ನನ್ನ ಅಳಿಲು ಬೇಟೆ

ಕೋವಿ ಹಿಡಿದವನ ಹತ್ತಿರ ತಮಾಷೆ ತಾನಾಗಿ ನಡೆದು ಬರುತ್ತದೆ. ನನ್ನ ಹತ್ತಿರವಂತೂ ಓಡಿಯೇ ಬರುತ್ತದೆ. ಕಾರ್ಕಳದ ಆಚೆಯ ಹಳ್ಳಿಯಲ್ಲಿ ಕಾಡುಹಂದಿಗೆ ಹೊಂಚು ಕಾದವನು ನಾನು, ಸುಮ್ಮನೆ ಅಲ್ಲ. ಸಾವಿರದ ಒಂಬೈನೂರ ಎಂಬತ್ತೈದರ ಬೇಸಿಗೆಗೆ, ಸ್ಯಾನ್ ಹೋಸೆ ಹತ್ತಿರದ ಮಾರ್ಗನ್ ಹಿಲ್ಲಿನಲ್ಲಿ, ಅಕ್ಕನ ಮನೆಯಲ್ಲಿದ್ದೆ. ಹಿತ್ತಲ ಬೇಲಿಯಾಚೆ ಒಬ್ಬ ಮುದುಕನ ದನದ ರಾಂಚು. ಬೆಳಗಿನ ಮಂಜಿನಲ್ಲಿ ಆ ಒಣಹುಲ್ಲಿನ ಗುಡ್ಡಗಳು ಮಲಗಿದ ಹಸುಗಳ ಬೆನ್ನಿನ ಹಾಗೆ ಕಾಣುತ್ತಿದ್ದವು. ನೋಡುತ್ತ ನಿಂತರೆ ಕಣ್ಣು ತೆರೆದಿದ್ದಂತೆಯೇ ಜೊಂಪು ಹತ್ತುತ್ತಿತ್ತು.

ಆದರೆ ಆ ನೆಲದ ತುಂಬ ನೆಲಅಳಿಲುಗಳ ಬಿಲ. ಒಂದು ಹಸು ಬಿಲಕ್ಕೆ ಸಿಕ್ಕಿ ಕಾಲು ಮುರಿದುಕೊಂಡಿತ್ತು. ಗಬ್ಬದ ಕಡಸುಗಳನ್ನು ಬಿಡುವ ಮೊದಲು ಹುಲ್ಲುಗಾವಲಲ್ಲಿ ಅಳಿಲು ಖಾಲಿಯಾಗಬೇಕು ಅಂದ ಮುದುಕ.

“ಒಂದು ತಿಂಗಳು ಸಾಕು” ಅಂದೆ.

“ಮಾಡಿ ತೋರಿಸಿದರೆ ನನ್ನ ಕುದುರೆ ಹತ್ತು, ವರ್ಷವಿಡೀ ಬೇಟೆಯಾಡು. ಇಲ್ಲವಾದರೆ ಬೇಲಿ ದಾಟಬೇಡ.”

ಅಂದಿನಿಂದ ಕುದುರೆಯ ಮೇಲೆ ಮಂಜು ಸೀಳಿಕೊಂಡು ಗುಡ್ಡ ಏರುವ ಕನಸು ನನಗೆ ಹಾಡುಹಗಲೇ ಬೀಳತೊಡಗಿತು.

೧. ಒಂದೇ ಗುಂಡಿನ ಗಂಡಸು

ಮುದುಕ ಕೊಟ್ಟದ್ದು ಸೆಮಿ ಆಟೊಮ್ಯಾಟಿಕ್ ರೈಫಲು. ಹತ್ತು ಗುಂಡು ತುಂಬಿಟ್ಟರೆ ಟ್ರಿಗರು ಎಳೆದಾಗಲೆಲ್ಲ ಒಂದೊಂದು ಹಾರುತ್ತದೆ. ನಮ್ಮೂರ ಕೇಪಿನ ಕೋವಿಯಲ್ಲಿ ಒಂದೇ ಈಡು. ತಪ್ಪಿದರೆ ಮತ್ತೆ ಮದ್ದು ತುಂಬುವಷ್ಟರಲ್ಲಿ ಹಂದಿ ಘಟ್ಟ ಹತ್ತಿರುತ್ತದೆ. ಹಾಗಾಗಿ ಈಡು ಹಾರಿದ್ದೇ ಕೋವಿ ಕೆಳಗಿಟ್ಟು, ಬೊಬ್ಬೆ ಹಾಕುತ್ತ ಬೆನ್ನಟ್ಟುವುದು ನಮಗೆ ರೂಢಿ.

ಇಲ್ಲಿಯೂ ಹಾರಿಸಿದೆ. ತಪ್ಪಿತು. ರೈಫಲು ಕೆಳಗಿಟ್ಟೆ, ಬೊಬ್ಬೆ ಹಾಕುತ್ತ ಓಡಿದೆ.

ಹಿಂದಿನಿಂದ ಮುದುಕ ಕೂಗಿದ: “ಅಯ್ಯಾ, ಒಳಗೆ ಇನ್ನೂ ಒಂಬತ್ತು ಗುಂಡು ಇವೆ!”

ಓಡುತ್ತಲೇ ಕೂಗಿದೆ: “ಪರವಾಗಿಲ್ಲ, ನನಗೆ ಅಷ್ಟೆಲ್ಲ ಬೇಕಾಗುವುದಿಲ್ಲ!”

೨. ಭಾವನಿಗೆ ತಗುಲಿದ್ದು

ಭಾವ ಸ್ಯಾನ್ ಹೋಸೆಯಲ್ಲಿ ಇಂಜಿನಿಯರು. ಶನಿವಾರವೂ ಇಸ್ತ್ರಿ ಮಾಡಿದ ಶರ್ಟು. ನನ್ನ ಗುರಿ ನೋಡಲು ಕಾಫಿ ಹಿಡಿದುಕೊಂಡು ಬಂದು ಬಲಗಡೆ ನಿಂತರು. ಆ ರೈಫಲು ಗುಂಡು ಹಾರಿದ ಮೇಲೆ ಖಾಲಿ ತೋಟೆಯನ್ನು ಬಲಕ್ಕೇ ಎಸೆಯುತ್ತದೆ. ಕಾದ ಹಿತ್ತಾಳೆ ನೇರ ಭಾವನ ಕಾಲರಿನೊಳಗೆ ಇಳಿಯಿತು.

“ಅಯ್ಯೋ, ಗುಂಡು ತಗುಲಿತು! ನಿನ್ನ ಅಕ್ಕನಿಗೆ ಹೇಳು, ಹೋದೆ ನಾನು!”

ಕಾಫಿ ಕಪ್ಪು ಒಂದು ಕಡೆ, ಚಪ್ಪಲಿ ಒಂದು ಕಡೆ. ಭಾವ ಕುಣಿದ ಕುಣಿತಕ್ಕೆ ಅಳಿಲುಗಳೆಲ್ಲ ಬಿಲದಿಂದ ಹೊರಬಂದು, ಹಿಂಗಾಲ ಮೇಲೆ ಎದ್ದುನಿಂತು ನೋಡತೊಡಗಿದವು.

“ಭಾವ, ನಿಲ್ಲಿಸಬೇಡಿ,” ಅಂದೆ, “ಒಂದೂ ಉಳಿಯದೆ ಹೊರಗೆ ಬಂದಿವೆ!”

೩. ನಮಸ್ಕಾರ

ನಾನು ಕೇಳಿದ ತಿಂಗಳ ಕೊನೆಯ ವಾರಕ್ಕೆ ಉಡುಪಿಯಿಂದ ಭಾವನ ಅಮ್ಮ ಬಂದರು.

“ಅಳಿಲನ್ನು ಕೊಲ್ಲುವುದಾ? ರಾಮ ಬೆನ್ನು ಸವರಿದ ಜೀವ ಅದು!”

“ಅತ್ತೆ, ಇದರ ಬೆನ್ನಲ್ಲಿ ಗೀಟೇ ಇಲ್ಲ. ಬರೀ ಚುಕ್ಕಿ. ಇದು ಬೇರೆ ಜಾತಿ.”

“ನಾನೇ ನೋಡಬೇಕು.”

ಶನಿವಾರ ಬೆಳಗ್ಗೆ ಮಡಚುವ ಕುರ್ಚಿ, ಚಕ್ಕುಲಿ ಡಬ್ಬಿ ಸಮೇತ ನನ್ನ ಪಕ್ಕದಲ್ಲಿ ಕೂತರು. ಮಂಜು ಹತ್ತಿಯ ಹಾಗೆ ನಿಧಾನ ಬಿಚ್ಚಿಕೊಳ್ಳುತ್ತಿತ್ತು. ಅದರೊಳಗಿಂದ ಒಂದು ಅಳಿಲು ಎದ್ದುನಿಂತಿತು. ಮುಂಗಾಲೆರಡನ್ನೂ ಎದೆಗೆ ಜೋಡಿಸಿಕೊಂಡು. ನಾನು ಗುರಿ ಹಿಡಿದೆ.

“ಕೈ ಮುಗೀತಾ ಉಂಟು ಮಾರಾಯ!” ಅತ್ತೆಯೂ ಕೈ ಮುಗಿದರು. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿ, “ಗೀಟಿಲ್ಲ, ನಿಜ. ರಾಮ ಇಷ್ಟು ದೂರ ಬರಲಿಲ್ಲ. ಅದು ಇದರ ತಪ್ಪಾ?”

ನನ್ನದು ಹಂದಿಗೂ ಹೆದರದ ಕೈ. ಆದರೆ ಹಿರಿಯರಿಗೆ ನಮಸ್ಕಾರ ಮಾಡುತ್ತಿರುವವನ ಮೇಲೆ ಯಾವ ಶೂರ ಹಾರಿಸುತ್ತಾನೆ? ಗುಂಡು ಹತ್ತನ್ನೂ ಹೊರತೆಗೆದೆ. ನನ್ನ ಕನಸಿನ ಕುದುರೆ ನಾನಿಲ್ಲದೆಯೇ ಗುಡ್ಡ ಹತ್ತಿ ಹೋಯಿತು.

ಅತ್ತೆ ಚಕ್ಕುಲಿ ಮುರಿದು ಹಾಕಿದರು. ಅಳಿಲು ತಿಂದಿತು, ತನ್ನ ಬಳಗವನ್ನೂ ಕರೆತಂದಿತು. ಮರುದಿನ ಬೇಲಿಯ ಹತ್ತಿರ ಹಾಕಿದರು, ಅದರ ಮರುದಿನ ನಮ್ಮ ಹಿತ್ತಲಲ್ಲೇ. ವಾರವಿಡೀ ಬಾಣಲೆ ಒಲೆಯಿಂದ ಇಳಿಯಲಿಲ್ಲ.

ಮುಂದಿನ ಶನಿವಾರ ಮುದುಕ ಬಂದು ಹುಲ್ಲುಗಾವಲೆಲ್ಲ ಸುತ್ತಿದ. ಒಂದೇ ಒಂದು ಬಾಲವೂ ಕಾಣಲಿಲ್ಲ. ಟೋಪಿ ತೆಗೆದು, ಕುದುರೆಯ ಲಗಾಮು ನನ್ನ ಕೈಗಿಟ್ಟ. ಬೇಲಿಯ ಈಚೆ ಭಾವ ಗುದ್ದಲಿ ಹಿಡಿದು, ತನ್ನ ಟೊಮೆಟೊ ಪಾತಿಯ ಬಿಲಗಳನ್ನು ಮುಚ್ಚುತ್ತ ನನ್ನನ್ನೇ ದುರುಗುಟ್ಟಿ ನೋಡುತ್ತಿದ್ದರು.

“ವಾರದಿಂದ ಒಂದು ಈಡಿನ ಸದ್ದೂ ಕೇಳಲಿಲ್ಲವಲ್ಲ,” ಅಂದ ಮುದುಕ. “ಯಾವ ಗುಂಡು ಹಾಕಿದೆ?”

ಕುದುರೆ ಹತ್ತಿ ಕೂತು ಹೇಳಿದೆ: “ನಮ್ಮ ಊರಿನದು. ಸುರುಳಿ ಆಕಾರ, ಮೈಯೆಲ್ಲ ಮುಳ್ಳು, ಎಣ್ಣೆಯಲ್ಲಿ ಕರಿದದ್ದು.”