ಅರ್ಧ ಬೆಲೆಯ ತವರಿನ ಕೊಡ

ನನಗೆ ಕುಡಿತವಿಲ್ಲ, ಇಸ್ಪೀಟಿಲ್ಲ. ಇರುವ ಚಟ ಒಂದೇ: ‘ರಿಯಾಯಿತಿ’ ಎಂಬ ಬೋರ್ಡು ಕಂಡರೆ ಕಾಲು ಮುಂದಕ್ಕೆ ಹೋಗುವುದಿಲ್ಲ. ಶಾಲೆಯ ಕೆಲಸಕ್ಕೆಂದು ಮಾನ್ವಿಯಿಂದ ರಾಯಚೂರಿಗೆ ಹೋದಾಗಲೆಲ್ಲ ಅಂಥದೊಂದು ಅಂಗಡಿ ನನ್ನನ್ನು ಕರೆಯುತ್ತದೆ. ‘ಇನ್ನು ಮೂರೇ ದಿನ’ ಎಂಬ ಅದರ ಬೋರ್ಡು ಎರಡು ಬೇಸಿಗೆ ಕಂಡು ಬಣ್ಣ ಕಳೆದುಕೊಂಡಿದೆ; ಆದರೂ ನಾನು ಪ್ರತಿ ಸಲ ಗಾಬರಿಯಾಗಿಯೇ ಒಳಗೆ ನುಗ್ಗುತ್ತೇನೆ. ಅಲ್ಲಿನದೆಲ್ಲ ಮೋಸ ಎಂದು ಹೇಳಲಾರೆ. ಅಲ್ಲಿ ಕೊಂಡ ಟವೆಲು ಎರಡು ವರ್ಷದಿಂದ ನನ್ನ ಮೈ ಒರೆಸುತ್ತಿದೆ. ಇನ್ನು ಒಂದು ಡಜನ್ ಬಾಚಣಿಗೆ ತಂದದ್ದೂ ನಿಜ. “ಏನ್ರೀ, ಇದ್ದ ನಾಕು ಕೂದಲಿಗೆ ಮೂರ್ಮೂರು ಬಾಚಣಿಗಿ ಏನು?” ಎಂದು ಮನೆಯಾಕೆ ಕೇಳಿದ್ದಳು.

ಹೀಗಿರುವಾಗ ದೇವದುರ್ಗದಲ್ಲಿರುವ ತಂಗಿ ಶಾರದಾಳ ಹೊಸ ಮನೆಯ ಗೃಹಪ್ರವೇಶ ಬಂತು. ತವರಿನಿಂದ ಬಂದ ಕೊಡದಲ್ಲಿ ನೀರು ತುಂಬಿಕೊಂಡು ಆಕೆ ಹೊಸಲು ದಾಟಬೇಕು. ನಮ್ಮಲ್ಲಿ ಅದು ನಡೆದುಬಂದ ಪದ್ಧತಿ. ಅವ್ವ, ಅಪ್ಪ ಇಬ್ಬರೂ ಇಲ್ಲವಾದ್ದರಿಂದ ತವರು ಎಂದರೆ ಈಗ ನಾನೇ. “ಗಟ್ಟಿ ಕೊಡ ತರ್ರಿ. ಆಕಿ ಅತ್ತಿ ಮುಂದ ಆಕಿ ತಲಿ ತಗ್ಗಬಾರದು” ಎಂದು ಹೆಂಡತಿ ಒತ್ತಿ ಹೇಳಿದ್ದಳು. ತೂಕ ಹಾಕಿ ಕೊಡುವ ಪಾತ್ರೆ ಅಂಗಡಿಯತ್ತಲೇ ನಾನು ಹೊರಟಿದ್ದು. ಆದರೆ ದಾರಿಯಲ್ಲಿ ಆ ಬೋರ್ಡಿತ್ತು. ಅರ್ಧ ಬೆಲೆಗೆ ಕನ್ನಡಿಯಂತೆ ಹೊಳೆಯುವ ಸ್ಟೀಲ್ ಕೊಡ! ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕಲ್ಮಲ ದಾಟುವವರೆಗೂ ಬೆರಳಿನಿಂದ ಠಣ್ ಠಣ್ ಎನ್ನಿಸುತ್ತ ಬಂದೆ.

ಆಯೇರಿ ಎಂದು ಉಡುಗೊರೆ ಕೊಡುವ ಪಾತ್ರೆಯ ಮೇಲೆ ಕೊಟ್ಟವರ ಹೆಸರಿಲ್ಲದಿದ್ದರೆ ಅದು ಆಯೇರಿಯೇ ಅಲ್ಲ. ಮಾನ್ವಿಯಲ್ಲಿ ಮಷಿನ್ನಿನಿಂದ ಹೆಸರು ಕೊರೆಯುವವನು ಕೊಡವನ್ನು ಒತ್ತಿ ನೋಡಿ, “ಸರ, ತಗಡು ಭಾಳ ತೆಳ್ಳಗದ. ಹೆಸರಷ್ಟ ಸಾಕ್ರಿ” ಎಂದ. ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ಬರೀ ಹೆಸರಿಗೆ ಒಪ್ಪುವುದುಂಟೇ? “ಬಿ.ಎ., ಬಿ.ಇಡಿ. ಹಾಕಪಾ. ನಡು ಹೊಟ್ಟಿ ಮ್ಯಾಲೆ, ಎಲ್ಲಾರಿಗೂ ಕಾಣಂಗ” ಎಂದೆ. ಅಕ್ಷರ ಬರೆಯುವಾಗ ಸೂಜಿ ಸರಿದುಕೊಂಡು ಹೋಗುತ್ತದೆ, ಚುಕ್ಕಿ ಇಡುವಾಗ ಒಂದೇ ಕಡೆ ನಿಂತು ಕೊರೆಯುತ್ತದೆ. ಇದು ನನಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಗೃಹಪ್ರವೇಶದ ದಿನ. ತುಂಬಿದ ಕೊಡವನ್ನು ಶಾರದಾ ಸೊಂಟದ ಮೇಲಿಟ್ಟು ನಾಲ್ಕು ಹೆಜ್ಜೆ ಹಾಕಿರಬಹುದು, ನನ್ನ ಪದವಿಯ ಒಂದೊಂದು ಚುಕ್ಕಿಯಿಂದಲೂ ಸಣ್ಣಗೆ ನೀರು ಚಿಮ್ಮತೊಡಗಿತು. ಎದುರಿಗೆ ಆಕೆಯ ಅತ್ತೆ ಆರತಿ ಹಿಡಿದು ನಿಂತಿದ್ದರು, ಹಿಂದೆ ಇಡೀ ಬಂಧುಬಳಗ. ಶಾರದಾ ಒಮ್ಮೆ ಕೊಡ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ಆಮೇಲೆ ಸದ್ದಿಲ್ಲದೆ ಹೆಸರಿನ ಭಾಗವನ್ನು ತನ್ನ ಕಡೆ ತಿರುಗಿಸಿಕೊಂಡು ಸೊಂಟಕ್ಕೆ ಒತ್ತಿ ಹಿಡಿದಳು. ಹೊಸ ರೇಷ್ಮೆ ಸೀರೆ ನೀರನ್ನೆಲ್ಲ ಕುಡಿಯಿತು.

“ಏನವ್ವಾ, ಸೀರಿ ಪೂರಾ ತೊಯ್ದದಲ್ಲ?” ಎಂದು ಅತ್ತೆ ಕೇಳಿದರು.

“ನಂದೇ ತಪ್ಪರಿ ಅತ್ತಿ. ಗಡಿಬಿಡ್ಯಾಗ ಮೈಮ್ಯಾಲೆ ಚೆಲ್ಲಿಕೊಂಡ್ನಿ” ಎಂದಳು ತಂಗಿ.

ನನಗೆ ಅಳುವೇ ಬಂತು. ಊಟವಾದ ಮೇಲೆ ಅಡುಗೆಮನೆಗೆ ಇಣುಕಿದರೆ, ಕೊಡದಲ್ಲಿ ಸಿರವಾರದ ಅಕ್ಕಿ ತುಂಬಿ, ಹೆಸರನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದಳು. “ಬ್ಯಾರೆ ತಂದು ಕೊಡ್ತೀನವ್ವ” ಎಂದೆ. “ತಂದ್ರ ಸುಮ್ನ ಹಿತ್ತಲ ಬಾಗಲಾಗ ಕೊಡೋ ಅಣ್ಣಾ. ಯಾಕ ಅಂತ ಅತ್ತಿ ಕೇಳಿದ್ರ ಏನ್ ಹೇಳ್ಲಿ?” ಎಂದಳು.

ಮರುದಿನವೇ ಆ ಅಂಗಡಿಗೆ ಜಗಳಕ್ಕೆ ಹೋದೆ. ಅಂಗಡಿಯವನು ನನ್ನ ಕೂಗಾಟವನ್ನೆಲ್ಲ ಕೇಳಿಸಿಕೊಂಡು, ಅಂಥದೇ ಕೊಡಕ್ಕೆ ಕಂಠಮಟ್ಟ ನೀರು ತುಂಬಿ ನನ್ನ ಮುಂದಿಟ್ಟ. ಒಂದು ಹನಿಯೂ ಸೋರಲಿಲ್ಲ. “ಸರ, ನಾವು ನೀರು ತುಂಬಾಕ ಕೊಡ ಕೊಟ್ಟೀವ್ರಿ. ಬರಿಯಾಕ ಪಾಟಿ ಕೊಟ್ಟಿಲ್ಲ” ಎಂದ. ಪಾಠ ಹೇಳುವವನಿಗೇ ಪಾಠವಾಯಿತು. ಅವನ ಸರಕು ಕೊಟ್ಟ ದುಡ್ಡಿನಷ್ಟು ಕೆಲಸ ಖಂಡಿತ ಮಾಡುತ್ತಿತ್ತು. ನಾನು ಅದರಿಂದ ಮರ್ಯಾದೆಯನ್ನೂ ಅರ್ಧ ಬೆಲೆಗೆ ಕೊಳ್ಳಲು ಹೋಗಿದ್ದೆ. ಆ ತುಂಬಿದ ಕೊಡವನ್ನೇ ಕೊಂಡು, ನೀರು ಚೆಲ್ಲಿ, ಒಂದಕ್ಷರವನ್ನೂ ಬರೆಸದೆ ಹಿತ್ತಲ ಬಾಗಿಲಲ್ಲಿ ತಂಗಿಗೆ ಮುಟ್ಟಿಸಿದೆ. ಬಂದ ಆಯೇರಿಗಳ ನಡುವೆ ಅದನ್ನೂ ಆಕೆ ಸೇರಿಸಿದಳು.

ಮೊನ್ನೆ ದೇವದುರ್ಗಕ್ಕೆ ಹೋಗಿದ್ದೆ. ಅತ್ತೆ ಅದೇ ಕೊಡದಿಂದ ನೀರು ತೆಗೆದು ನನ್ನ ಕೈಗೆ ತಂಬಿಗೆ ಕೊಡುತ್ತ, “ಈ ಕೊಡ ಯಾರು ಕೊಟ್ಟಾರೋ ಗೊತ್ತಿಲ್ರಿ ಮಾಸ್ತರ. ಒಂದಕ್ಷರ ಹೆಸರು ಹಾಕ್ಸಿಲ್ಲ ನೋಡ್ರಿ. ಕೊಟ್ಟು ಸುಮ್ನಿರೋ ಅಂಥಾವ್ರು ಈಗ ಎಲ್ಲಿ ಸಿಗ್ತಾರ?” ಎಂದರು.

ಹೇಳಿಬಿಡಲೆಂದು ಬಾಯಿ ತೆರೆದೆ. ಅವರ ಬೆನ್ನ ಹಿಂದಿನಿಂದ ಶಾರದಾ ಸುಮ್ಮನಿರು ಎಂಬಂತೆ ನನ್ನತ್ತ ಕಣ್ಣು ಬಿಟ್ಟಳು.

“ಖರೇ ಅದರಿ. ಭಾಳ ದೊಡ್ಡ ಮನುಷ್ಯಾ ಇರಬೇಕು” ಎಂದು ಹೇಳಿ, ಗಟಗಟ ನೀರು ಕುಡಿದೆ.