ಚಿಕ್ಕಪ್ಪನ ಪುಸ್ತಕ ಮಹಜರು

ನಮ್ಮ ಚಿಕ್ಕಪ್ಪನಷ್ಟು ಪುಸ್ತಕ ಹುಡುಕಿದವರು ಇಡೀ ಟಿ. ನರಸೀಪುರದಲ್ಲೇ ಇಲ್ಲ, ಅವುಗಳಲ್ಲಿ ಒಂದನ್ನೂ ಓದಿಲ್ಲ ಎಂಬುದು ಬೇರೆ ಮಾತು! ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಜಮೀನಿನ ಹಳೇ ದಾಖಲೆಗಳ ಕೈಬರಹದ ನಕಲು ಬರೆದುಕೊಡುತ್ತಲೇ ನಿವೃತ್ತರಾದವರು ಅವರು.

ನಾನು ನಂಜನಗೂಡಿನಲ್ಲಿ ಐದು ತಿಂಗಳ ಮಗುವನ್ನು ತೊಡೆಯ ಮೇಲಿಟ್ಟುಕೊಂಡು, ಎಂ.ಎ. ಕೊನೆಯ ಪರೀಕ್ಷೆಗೆ ಕೂರಲೋ ಬಿಡಲೋ ಎಂದು ಒದ್ದಾಡುತ್ತಿದ್ದೆ. ಈ ಸಲ ಬಿಟ್ಟರೆ ಓದು ಅಲ್ಲಿಗೇ ಮುಗಿಯಿತು ಎಂದು ನನಗೂ ಗೊತ್ತಿತ್ತು. ಮಗು ನೋಡಲು ಬಂದ ಚಿಕ್ಕಪ್ಪನಿಗೆ ಮೊಬೈಲಿನಲ್ಲಿ ವಿಶ್ವವಿದ್ಯಾಲಯದ ಗ್ರಂಥಾಲಯದ ಪುಟ ತೋರಿಸಿದೆ. ವಿಷಯದ ಹೆಸರು ಹಾಕಿದರೆ ಓದಬೇಕಾದ ಪುಸ್ತಕಗಳ ಪಟ್ಟಿ, ಕಪಾಟಿನ ನಂಬರು ಎಲ್ಲ ಬರುತ್ತದೆ. ಇಪ್ಪತ್ತಾರರಲ್ಲಿ ಕಡ್ಡಾಯ ನಾಲ್ಕೇ, ಉಳಿದವು ಆಸಕ್ತಿ ಇದ್ದವರಿಗೆ ಎಂದೆ. ಅವರು ಒಪ್ಪಲಿಲ್ಲ. ಪಟ್ಟಿಗೆ ಬಂದ ಮೇಲೆ ಎಲ್ಲವೂ ಕಡ್ಡಾಯವಂತೆ! ಪಟ್ಟಿಯನ್ನು ಪ್ರಿಂಟ್ ಹಾಕಿಸಿ, ನನ್ನ ಲೈಬ್ರರಿ ಕಾರ್ಡು ಜೇಬಿಗಿಳಿಸಿ ಮೈಸೂರಿನ ಬಸ್ಸು ಹತ್ತಿದರು.

ಸಂಜೆ ಬರಿಗೈಯಲ್ಲಿ ಬಂದರು. ಬರಿಗೈ ಎಂದರೆ ತಪ್ಪಾದೀತು, ಕೈಯಲ್ಲಿ ಮಹಜರು ವರದಿ ಇತ್ತು. 'ಕ್ರಮ ಸಂಖ್ಯೆ ಏಳು: ಸ್ಥಳದಲ್ಲಿದೆ. ಪೂರ್ವಕ್ಕೆ ನಿಘಂಟು, ಪಶ್ಚಿಮಕ್ಕೆ ಕಿಟಕಿ.' ಆನ್‌ಲೈನ್ ಪುಸ್ತಕಗಳ ಎದುರು, 'ಇದೆ ಎನ್ನುತ್ತಾರೆ, ಕಣ್ಣಾರೆ ಕಂಡಿಲ್ಲ.' ಪುಸ್ತಕ ಎಲ್ಲಿ ಎಂದು ಕೇಳಿದೆ.

"ಮೊದ್ಲು ಮಾಜರು, ಆಮ್ಯಾಕೆ ಸ್ವಾಧೀನ ಕಣವ್ವ" ಅಂದರು. ಇಂಥವರನ್ನು ಏನು ಮಾಡುವುದು ಹೇಳಿ?

ಮಾರನೆಯ ದಿನ ಕಡ್ಡಾಯದಲ್ಲಿ ಮೂರು ಬಂದವು. ನಾಲ್ಕನೆಯದನ್ನು ಅಲ್ಲೇ ಕೂತು ಓದಬೇಕು, ಮನೆಗೆ ಕೊಡುವುದಿಲ್ಲ. ಎರಡು ಅಧ್ಯಾಯ ಜೆರಾಕ್ಸ್ ಮಾಡಿಸಿ ಎಂದರೆ, ಮೆಷಿನ್ನು ತೆಗೆದದ್ದನ್ನು ತಾಳೆ ನೋಡುವವರು ಯಾರು ಎಂದು ನನ್ನನ್ನೇ ಕೇಳಿದರು. ಆಮೇಲೆ ಹತ್ತು ದಿನ ಪತ್ತೆಯಿಲ್ಲ. ನನಗೆ ಸಿಟ್ಟು ಬಂತು. ಪರೀಕ್ಷೆಯ ಆಸೆಯನ್ನೇ ಬಿಟ್ಟೆ.

ಹನ್ನೊಂದನೆಯ ದಿನ ಕೆಂಪು ದಾರ ಕಟ್ಟಿದ ಕಟ್ಟು ಹಿಡಿದು ಬಂದರು. ಎರಡೂ ಅಧ್ಯಾಯಗಳನ್ನು ದಿನಾ ಹೋಗಿ ಕೂತು ಕೈಯಲ್ಲೇ ಬರೆದಿದ್ದರು! ಗ್ರಂಥಾಲಯದ ಮೊಹರನ್ನೂ ಬಿಟ್ಟಿರಲಿಲ್ಲ. ಯಾವನೋ ಪೆನ್ಸಿಲಿನಲ್ಲಿ ಗೀಚಿದ್ದ 'ಇದು ಗ್ಯಾರಂಟಿ ಬರುತ್ತೆ' ಎಂಬುದನ್ನೂ ಪೆನ್ಸಿಲಿನಲ್ಲೇ ಬರೆದಿದ್ದರು. ಪುಸ್ತಕ ಇಂಗ್ಲಿಷಿನದು. ಚಿಕ್ಕಪ್ಪನಿಗೆ ಇಂಗ್ಲಿಷ್ ಅಕ್ಷರ ಗೊತ್ತು, ಭಾಷೆ ಗೊತ್ತಿಲ್ಲ. ಪ್ರತಿ ಹಾಳೆಯ ಕೊನೆಗೆ 'ನಕಲು ಮಾಡಿದವರು' ಎಂದು ಅವರ ಸಹಿ. ಅದರ ಕೆಳಗೆ 'ತಾಳೆ ನೋಡಿದವರು', ಮುಂದೆ ಖಾಲಿ.

"ನಂಗೇನೂ ಅರ್ಥ ಆಗ್ನಿಲ್ಲ ಮಗ, ತಪ್ಪಿದ್ರೂ ಇರ್ಬೋದು. ನೀನೇ ಅಲ್ಲೋಗಿ ತಾಳೆ ನೋಡ್ಬುಡು. ಮಗೀನ ನಾ ಇಡ್ಕತೀನಿ" ಅಂದು ತೊಡೆ ಚಾಚಿ ಕೂತರು.

ಹೋದೆ. ಅವರು ಕೂತಿದ್ದ ಮೇಜಿನಲ್ಲೇ ಕೂತು ಸಾಲು ಸಾಲಾಗಿ ತಾಳೆ ನೋಡಿದೆ. ಒಂದು ಅಕ್ಷರವೂ ತಪ್ಪಿರಲಿಲ್ಲ. ನನಗೆ ಅಳು ತಡೆಯಲಾಗಲಿಲ್ಲ. ಪ್ರತಿ ಹಾಳೆಗೂ ಸಹಿ ಹಾಕಿದೆ, ಪರೀಕ್ಷೆಗೂ ಕೂತೆ. ಓದದೆ ಸಹಿ ಹಾಕುವಂತಿರಲಿಲ್ಲವಲ್ಲ, ಅದು ಚಿಕ್ಕಪ್ಪನಿಗೆ ಮೊದಲೇ ಗೊತ್ತಿತ್ತು.